ಅಮ್ಮನ ಹೆಸರಿನ ಕಾರ್ಡು

ಹೊಸ ಫೋನು ಮನೆಗೆ ಬಂದ ಸಂಜೆ ಗುಯ್‌ಲಿಯೆನ್ ಅಡುಗೆಮನೆ ಬಿಟ್ಟು ಈಚೆ ಬರಲಿಲ್ಲ. ಒಳಗೆ ಅಂಥ ಘನಂದಾರಿ ಕೆಲಸವೇನೂ ಇರಲಿಲ್ಲ. ನವಣೆ ಗಂಜಿ ತನ್ನ ಪಾಡಿಗೆ ತಾನು ಕುದಿಯುತ್ತಿತ್ತು, ಹಬೆಪಾತ್ರೆಯಲ್ಲಿ ಬನ್ನುಗಳು ಉಬ್ಬಿಕೊಂಡು ಕೂತಿದ್ದವು. ಆದರೂ ತೊಳೆದ ಸೌಟನ್ನೇ ಇನ್ನೊಮ್ಮೆ ತೊಳೆದಳು, ಒರೆಸಿದ ಕಟ್ಟೆಯನ್ನೇ ಇನ್ನೊಮ್ಮೆ ಒರೆಸಿದಳು. ಕಿವಿ ಮಾತ್ರ ಹಾಲ್‌ನಲ್ಲಿತ್ತು.

ಹಾಲ್‌ನಲ್ಲಿ ಅವಳ ಮಗಳು ರುಯ್‌ಫಾಂಗ್ ತನ್ನ ಅತ್ತೆ ಯುಝೆನ್‌ಗೆ ಪಾಠ ಹೇಳುತ್ತಿದ್ದಳು.

"ನೋಡಿ ಅಮ್ಮ, ಸ್ಕ್ಯಾನ್ ಮಾಡೋದೂ ಬೇಡ, ಏನೂ ತೆರೆಯೋದೂ ಬೇಡ. ಅಂಗಡಿಯವರ ಮುಂದೆ ನೀಲಿ ಬಿಲ್ಲೆ ಇಟ್ಟಿರ್ತಾರಲ್ಲ, ಅದಕ್ಕೆ ಫೋನಿನ ಬೆನ್ನು ಮುಟ್ಟಿಸಿ. ಅಷ್ಟೇ, ದುಡ್ಡು ಹೋಯ್ತು."

"ಮುಟ್ಟಿಸಿದ್ರೆ ಹೋಗ್ಬಿಡತ್ತಾ? ಮತ್ತೆ ಬಸ್ಸಲ್ಲಿ ಯಾವನಾದ್ರೂ ಬಂದು ತಾಗಿಸ್ಕೊಂಡು ನಿಂತ್ರೆ?"

ರುಯ್‌ಫಾಂಗ್ ಗೊಳ್ಳೆಂದು ನಕ್ಕಳು. ಆ ನಗು ಗುಯ್‌ಲಿಯೆನ್‌ಗೆ ಸೀದಾ ಎದೆಗೆ ನಾಟಿತು. ತನಗೆ ಸ್ಕ್ಯಾನ್ ಮಾಡುವುದನ್ನು ಕಲಿಸುವಾಗ ಇದೇ ಮಗಳು "ಎಷ್ಟು ಸಲ ಹೇಳ್ಬೇಕಮ್ಮ ನಿಂಗೆ" ಎಂದು ಹಣೆ ಚಚ್ಚಿಕೊಂಡಿದ್ದಳು.

ರುಯ್‌ಫಾಂಗ್ ಹೆತ್ತವಳನ್ನೂ ಅಮ್ಮ ಎನ್ನುತ್ತಾಳೆ, ಅತ್ತೆಯನ್ನೂ ಅಮ್ಮ ಎನ್ನುತ್ತಾಳೆ. ಮದುವೆಯ ದಿನ ಅತ್ತೆಯ ಕೈಗೆ ಚಹಾ ಕೊಟ್ಟು ಹಾಗೆ ಕರೆದ ಮೇಲೆ ಬದುಕಿರುವಷ್ಟು ದಿನ ಹಾಗೇ ಕರೆಯಬೇಕು. ಯುಝೆನ್ ಸಮುದ್ರದ ದಡದ ತನ್ನೂರು ಯಾಂತಾಯ್‌ನಲ್ಲಿ ಇದ್ದಷ್ಟು ವರ್ಷ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಗುಯ್‌ಲಿಯೆನ್ ಮೊಮ್ಮಗಳು ಜೂಜೂ ಹುಟ್ಟಿದಾಗ ತನ್ನೂರು ದಾತೊಂಗ್‌ನಿಂದ ಈ ಜಿನಾನ್ ಪಟ್ಟಣಕ್ಕೆ ಬಂದವಳು. ಮಗು ಈಗ ಒಂದನೇ ತರಗತಿ. ಅಂದಿನಿಂದ ಈ ಮನೆಯ ಒಲೆ, ಪೊರಕೆ, ಮಗುವಿನ ಶಾಲೆ ಚೀಲ ಎಲ್ಲ ಅವಳದೇ. ಗಂಡನನ್ನು ಕಳೆದುಕೊಂಡ ಯುಝೆನ್ ಈ ಬೇಸಿಗೆಯಲ್ಲಿ "ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು ಬಂದಳು. ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ.

ಗಂಜಿಯ ಪಾತ್ರೆ ಒಯ್ಯಲು ರುಯ್‌ಫಾಂಗ್ ಒಳಗೆ ಬಂದಾಗ ಗುಯ್‌ಲಿಯೆನ್ ಬಾಗಿಲು ಮುಂದೆ ಮಾಡಿದಳು.

"ನನ್ನ ಫೋನು ಕೊಟ್ಟು ಅವರಿಗೆ ಹೊಸದು ತಂದ್ಯಾ?"

"ಮೆಲ್ಲಗೆ ಮಾತಾಡಮ್ಮ. ಅವರದು ಬಕೆಟ್ಟಿಗೆ ಬಿದ್ದು ಸತ್ತು ಹೋಗಿದೆ. ಸತ್ತಿರೋ ಫೋನಿಗೆ ಅಂಗಡಿಯವರು ಏನು ಕೊಡ್ತಾರೆ? ನಿಂದು ನಡೀತಿತ್ತು, ರಿಯಾಯಿತಿ ಸಿಕ್ತು."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ನಲ್ಲ. ಕೊಡಮ್ಮ ಅಂದೆ, ಕೊಟ್ಟೆ."

"ನನಗೆ ತರ್ತೀಯ ಅಂತ ಕೊಟ್ಟೆ ಕಣೇ!"

ಎಲ್ಲ ಹೆಣ್ಣುಮಕ್ಕಳೂ ತಾಯಿಗೆ ಹೇಳುವ ಮಾತನ್ನೇ ರುಯ್‌ಫಾಂಗ್ ಹೇಳಿದಳು. "ನೀನು ನನ್ನಮ್ಮ. ನಿನ್ನ ಹತ್ರ ಏನು ಉಪಚಾರ? ವಯಸ್ಸಾದವರಿಗೆ ಉಡುಗೊರೆ ಕೊಡೋ ಹಬ್ಬದ ದಿನ ಅವರಿಗೆ ಬರೀ ಕೈ ತೋರಿಸಿದ್ರೆ ಯಾಂತಾಯ್‌ನಲ್ಲಿರೋ ನಾದಿನಿಯರೆಲ್ಲ ನನ್ನ ಜನ್ಮ ಜಾಲಾಡ್ತಾರೆ. ನಿನಗೆ ನನ್ನ ಹಳೇದು ಇದೆಯಲ್ಲ, ಚೆನ್ನಾಗೇ ಇದೆ, ಅದರಲ್ಲೂ ಮುಟ್ಟಿಸಬಹುದು."

"ನನಗೆ ಮುಟ್ಟಿಸೋದೆಲ್ಲ ಬೇಡ. ಸ್ಕ್ಯಾನ್ ಮಾಡೋದು ಬರತ್ತೆ, ಸಾಕು."

ಊಟಕ್ಕೆ ಕೂತಾಗ ಯುಝೆನ್ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ತಿಳಿ ನೀಲಿ ಬಣ್ಣ, ಹಿಂದೆ ಮೂರು ಕ್ಯಾಮೆರಾ. ಗುಯ್‌ಲಿಯೆನ್ ಅದರ ಕಡೆ ನೋಡಲೇಬಾರದು ಎಂದುಕೊಂಡು ಊಟ ಮುಗಿಯುವವರೆಗೂ ಅದನ್ನೇ ನೋಡಿದಳು.

ಆಮೇಲಿನ ವಾರಗಳಲ್ಲಿ ಮಾರುಕಟ್ಟೆ ಯುಝೆನ್‌ಳದಾಯಿತು. ಮೊದಲೆಲ್ಲ ಗುಯ್‌ಲಿಯೆನ್ ಬೆಳಗ್ಗೆ ಜೂಜೂಳನ್ನು ಶಾಲೆಗೆ ಬಿಟ್ಟು, ಬರುವ ದಾರಿಯಲ್ಲಿ ಸೊಪ್ಪು, ತೋಫು, ಮೊಟ್ಟೆ ತರುತ್ತಿದ್ದಳು. ಯಾವ ಅಂಗಡಿಯ ಬಿಳಿ ಮೂಲಂಗಿ ಬೆಂಡಾಗಿರುವುದಿಲ್ಲ, ಯಾರು ತೂಕದಲ್ಲಿ ಕೈ ಚಳಕ ತೋರಿಸುತ್ತಾರೆ ಎಲ್ಲ ಅವಳಿಗೆ ಬಾಯಿಪಾಠ. ಈಗ ಅವಳು ಮನೆ ಸೇರುವಷ್ಟರಲ್ಲಿ ಯುಝೆನ್ ಮಾರುಕಟ್ಟೆ ಸುತ್ತಿ ಬಂದಿರುತ್ತಿದ್ದಳು. ಫೋನು ಮುಟ್ಟಿಸುವ ಸುಖಕ್ಕೇ ಆಕೆ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದಳೇನೋ. ಎರಡು ಈರುಳ್ಳಿ ದಂಟಿಗೂ ಮುಟ್ಟಿಸು, ಒಂದು ಹಿಡಿ ಕೊತ್ತಂಬರಿಗೂ ಮುಟ್ಟಿಸು. ಸೀಗಡಿ, ಕಾಲವಲ್ಲದ ಕಾಲದ ಸ್ಟ್ರಾಬೆರಿ, ದಪ್ಪ ದಪ್ಪ ಖರ್ಜೂರ, ಎಲ್ಲ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಮೆರೆದವು.

"ಅಜ್ಜಿ, ಯಾಂತಾಯ್ ಅಜ್ಜಿ ಟಿಂಗ್ ಅಂತ ಮಾಡಿ ಸ್ಟ್ರಾಬೆರಿ ತಂದ್ರು!" ಎಂದಳು ಜೂಜೂ, ಬಾಯೆಲ್ಲ ಕೆಂಪು ಮಾಡಿಕೊಂಡು. "ನಿಂಗ್ಯಾಕೆ ಟಿಂಗ್ ಮಾಡಕ್ಕೆ ಬರಲ್ಲ?"

"ಟಿಂಗ್ ಮಾಡಿದ್ರೆ ಹೊಟ್ಟೆ ತುಂಬಲ್ಲ. ನೂಡಲ್ಸ್ ತಿನ್ನು."

ಮಗು ನೂಡಲ್ಸ್ ಮುಟ್ಟಲಿಲ್ಲ. ಹಿಟ್ಟು ನಾದಿ, ಚಾಕುವಿನಿಂದ ಎಳೆ ಎಳೆಯಾಗಿ ಕುದಿನೀರಿಗೆ ಹೆರೆದು ಹಾಕಿದ ನೂಡಲ್ಸ್ ಅದು. ದಾತೊಂಗ್‌ನಲ್ಲಿ ಅದಕ್ಕಾಗಿ ನೆರೆಮನೆಯವರು ಬಟ್ಟಲು ಹಿಡಿದು ಬರುತ್ತಿದ್ದರು. ಯುಝೆನ್ ಒಂದು ಎಳೆ ಬಾಯಿಗಿಟ್ಟು ಹೇಳಿದಳು:

"ಚೆನ್ನಾಗಿದೆ ಬೀಗ್ರೇ. ಆದ್ರೆ ನಿಮ್ಮ ಕಡೆ ವಿನೆಗರ್ ಸ್ವಲ್ಪ ಧಾರಾಳ ಅಲ್ವಾ? ಮಗೂಗೆ ಹಲ್ಲು ಜುಂ ಅನ್ನತ್ತೆ."

"ಏಳು ವರ್ಷದಿಂದ ಜುಂ ಅಂದಿಲ್ಲ ಬೀಗ್ರೇ. ಈಗ ಸೀಗಡಿ ಬಂದ್ಮೇಲೆ ಅನ್ನಬಹುದು."

"ಸೀಗಡಿ ಮೈಗೆ ಒಳ್ಳೇದು. ನಮ್ಮ ಸಮುದ್ರದ ಕಡೆ ಮಕ್ಕಳು ನೋಡಿ ಎಷ್ಟು ಎತ್ತರ."

"ಎತ್ತರ ಆಗಿ ಏನ್ಮಾಡ್ಬೇಕು, ಸೂರು ತಗಲತ್ತೆ."

ಇಂಥ ಮಾತು ಇಬ್ಬರೂ ನಗುನಗುತ್ತಲೇ ಆಡುತ್ತಿದ್ದರು. ಹಾವ್‌ರಾನ್, ಯುಝೆನ್‌ಳ ಮಗ, ರುಯ್‌ಫಾಂಗ್‌ಳ ಗಂಡ, ಅಂಥ ಹೊತ್ತಿನಲ್ಲಿ ಬಟ್ಟಲಿನೊಳಕ್ಕೆ ಮುಖ ಹಾಕಿ ಗಬಗಬ ಉಂಡು ಎದ್ದು ಹೋಗುತ್ತಿದ್ದ. ಸಂಬಳ ಬಂದ ದಿನವೇ ಅಷ್ಟನ್ನೂ ಹೆಂಡತಿಯ ಖಾತೆಗೆ ಹಾಕಿ ನಿಶ್ಚಿಂತನಾಗುವ ಗಂಡಸು ಅವನು. ಮನೆಯಲ್ಲಿ ಏನು ಕೇಳಿದರೂ "ರುಯ್‌ಫಾಂಗ್‌ನ ಕೇಳಿ" ಎನ್ನುವುದೊಂದೇ ಅವನ ಉತ್ತರ.

ಒಂದು ಭಾನುವಾರ ಗುಯ್‌ಲಿಯೆನ್ ಎಲೆಕೋಸು ಹೆಚ್ಚುತ್ತಾ ಊಟದ ಮೇಜಿನ ಹತ್ತಿರ ಕೂತಿದ್ದಳು. ಎದುರಿಗೆ ರುಯ್‌ಫಾಂಗ್‌ಳ ಫೋನು ಸದ್ದು ಮಾಡಿ ಬೆಳಗಿತು. ಗುಯ್‌ಲಿಯೆನ್ ಕತ್ತು ಚಾಚಿ ಓದಿದಳು. ಅಮ್ಮ ನಿಮ್ಮ ಕಾರ್ಡಿನಿಂದ ಹಣ್ಣಿನ ಅಂಗಡಿಯಲ್ಲಿ ಖರ್ಚು ಮಾಡಿದ್ದಾರೆ ಎಂದಿತ್ತು.

"ಇದೇನೇ ಇದು? ನಾನೆಲ್ಲಿ ಖರ್ಚು ಮಾಡ್ದೆ? ನಾನು ಇಲ್ಲೇ ಕೂತು ಕೋಸು ಹೆಚ್ತಿದೀನಿ!"

ರುಯ್‌ಫಾಂಗ್ ಫೋನನ್ನು ಸರಕ್ಕನೆ ಎತ್ತಿಕೊಂಡಳು. "ನೀನಲ್ಲಮ್ಮ. ಅವರು."

"ಯಾವ ಅವರು? ಅಮ್ಮ ಅಂತ ಬರೆದಿದೆ."

ಹೇಳದೆ ವಿಧಿ ಇರಲಿಲ್ಲ, ಹೇಳಿದಳು. ಹೊಸ ಫೋನಿನ ಜೊತೆ ಮನೆಯವರ ಕಾರ್ಡು ಎಂಬುದನ್ನೂ ಅತ್ತೆಗೆ ಮಾಡಿಕೊಟ್ಟಿದ್ದಳು. ಅವರು ಮುಟ್ಟಿಸಿದರೆ ರುಯ್‌ಫಾಂಗ್‌ಳ ಖಾತೆಯಿಂದ ಹೋಗುತ್ತದೆ. ಆ ಕಾರ್ಡು ಕೊಡುವಾಗ ಇವರು ನಿಮಗೇನಾಗಬೇಕು ಎಂದು ಫೋನು ಕೇಳುತ್ತದೆ. ಅಪ್ಪನಿಗೆ ಒಂದು, ಅಮ್ಮನಿಗೆ ಒಂದು, ಗಂಡನಿಗೆ ಒಂದು, ಮಕ್ಕಳಿಗೆ ಬೇರೆ. ಅತ್ತೆ ಎಂಬ ಜಾಗವೇ ಅದರಲ್ಲಿಲ್ಲ.

"ಅದಕ್ಕೆ ಅಮ್ಮ ಅಂತ ಹಾಕ್ದೆ. ಇನ್ನೇನು ಹಾಕ್ಲಿ?"

"ಹಾಗಾದ್ರೆ ನಾನು?"

"ನಿನಗೆ ತಿಂಗಳು ತಿಂಗಳು ಕೈಗೇ ಹಾಕ್ತೀನಲ್ಲ. ಲೆಕ್ಕ ಕೇಳ್ತೀನಾ? ಇಲ್ಲ."

"ನಾನು ಏನಾಗ್ಬೇಕು ನಿನಗೆ ಅಂತ ಕೇಳಿದ್ದು."

"ಅಯ್ಯೋ ಅಮ್ಮ! ಅದೊಂದು ಯಂತ್ರ. ಒಬ್ರಿಗೇ ಜಾಗ ಕೊಡತ್ತೆ. ಅದರ ಜೊತೆ ಜಗಳ ಆಡ್ತೀಯಾ?"

ಗುಯ್‌ಲಿಯೆನ್ ಯಂತ್ರದ ಜೊತೆ ಜಗಳ ಆಡಲಿಲ್ಲ. ಕೋಸನ್ನು ಪುಡಿ ಪುಡಿ ಹೆಚ್ಚಿ ಗುಡ್ಡೆ ಹಾಕಿದಳು. ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಸುಳ್ಳು. ಹೆತ್ತವಳು ತಾನು, ಬಾಣಂತನ ಮಾಡಿದವಳು ತಾನು, ಮಗುವಿನ ಜ್ವರಕ್ಕೆ ಎದ್ದು ಕೂತವಳು ತಾನು. ಅಮ್ಮ ಎಂಬ ಒಂದೇ ಒಂದು ಜಾಗ ಇದ್ದಾಗ ಅದು ನಾಲ್ಕು ದಿನಕ್ಕೆಂದು ಬಂದವಳ ಪಾಲಾಗಿತ್ತು.

ಇಷ್ಟರಲ್ಲೇ ಮುಗಿದಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಚಳಿ ಶುರುವಾಗಿ, ಗೋಡೆಯ ಪಕ್ಕದ ಕೊಳವೆಗಳಿಗೆ ಬಿಸಿನೀರು ಬಿಟ್ಟು ಮನೆ ಬೆಚ್ಚಗಾದ ವಾರ, ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಒಳಗಿನಿಂದ ಗಂಡ ಹೆಂಡತಿ ಮಾತು ಕೇಳಿಸಿತು.

"ಹೊಸ ವರ್ಷದ ಹಬ್ಬ ಆದ್ಮೇಲೆ ಇಬ್ಬರಲ್ಲಿ ಒಬ್ಬರಿದ್ರೆ ಸಾಕಲ್ವಾ?" ಎನ್ನುತ್ತಿದ್ದಳು ರುಯ್‌ಫಾಂಗ್. "ಜೂಜೂ ಮಧ್ಯಾಹ್ನದ ಊಟ ಶಾಲೇಲೇ ಮಾಡ್ತಾಳೆ. ಅವಳಿಗೆ ಓದೋಕೆ ಒಂದು ರೂಮ್ ಬೇಕು. ನನಗೂ ಈ ಇಬ್ಬರ ನಡುವೆ ಉಸಿರು ಕಟ್ತಿದೆ."

"ಯಾರು?" ಎಂದ ಹಾವ್‌ರಾನ್.

"ನೀನೇ ಹೇಳು."

"ನಾನೇನು ಹೇಳ್ಲಿ? ನೀನೇ ನೋಡು."

ಗುಯ್‌ಲಿಯೆನ್ ಕೈಯಲ್ಲಿದ್ದ ಮಗುವಿನ ಕಾಲುಚೀಲವನ್ನು ಹಿಂಡುತ್ತಲೇ ನಿಂತಳು. ದಾತೊಂಗ್‌ನ ಮನೆಯಲ್ಲಿ ಮಗನ ಸಂಸಾರ ಇತ್ತು. ಅವಳ ಮಂಚ ಇದ್ದ ಜಾಗದಲ್ಲಿ ಅವರು ಟೈರು ಜೋಡಿಸಿಟ್ಟಿದ್ದರು. ಆದರೆ ಮಂಚದ ಚಿಂತೆ ಅಷ್ಟಿರಲಿಲ್ಲ. ಜೂಜೂ ರಾತ್ರಿ ತನ್ನ ತೋಳಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ, ನಾಳೆ ಇನ್ನೊಬ್ಬಳ ತೋಳಿನ ಮೇಲೆ ಮಲಗುತ್ತಾಳೆ. ಫೋನೇ ತೀರ್ಮಾನ ಮಾಡಿಬಿಟ್ಟಿದೆ, ಮಗಳ ಬಾಯಲ್ಲಿ ಬರುವುದೊಂದೇ ಬಾಕಿ ಎಂದು ಅವಳಿಗೆ ಅನ್ನಿಸಿಹೋಯಿತು.

ಅಂದಿನಿಂದ ಅವಳು ಮೇಜಿಗೆ ಬರುವುದು ಬಿಟ್ಟಳು. ಎಲ್ಲರಿಗೂ ಬಡಿಸಿ ಅಡುಗೆಮನೆಯಲ್ಲೇ ನಿಂತು ಎರಡು ತುತ್ತು ತಿನ್ನುತ್ತಿದ್ದಳು.

"ಬಾಮ್ಮ, ತಣ್ಣಗಾಗತ್ತೆ."

"ನೀವು ಊಟ ಮಾಡಿ. ಕೆಲಸದೋಳಿಗೆ ಮೇಜು ಯಾಕೆ?"

"ಶುರು ಆಯ್ತಾ?"

"ಶುರು ಮಾಡಿದ್ದು ನಾನಲ್ಲ."

ಯುಝೆನ್ ಎರಡು ಸಲ ತಾನೇ ಎದ್ದು ಬಂದು ಕರೆದಳು. "ಬನ್ನಿ ಬೀಗ್ರೇ, ನೀವಿಲ್ದೆ ಸೊಗಸಿಲ್ಲ." ಅದು ನಿಜವಾದ ಮಾತೇ ಇರಬಹುದು. ಗುಯ್‌ಲಿಯೆನ್‌ಗೆ ಮಾತ್ರ ಮನೆ ಯಜಮಾನಿ ಆಳನ್ನು ಕರೆದಂತೆ ಕೇಳಿಸಿತು. "ನಿಮ್ಮ ಸೀಗಡಿ ವಾಸನೆಗೇ ಹೊಟ್ಟೆ ತುಂಬಿದೆ" ಎಂದಳು.

ಚಳಿಗಾಲದ ನಡುವಿನ ಹಬ್ಬಕ್ಕೆ, ಎಲ್ಲರೂ ಕಡುಬು ತಿನ್ನುವ ಆ ದಿನಕ್ಕೆ, ಎರಡು ದಿನ ಇದೆ ಎನ್ನುವಾಗ ರುಯ್‌ಫಾಂಗ್ ಸೋತಳು. ಬೆಳಗ್ಗೆ ಆಫೀಸಿಗೆ ಹೊರಡುವ ಅವಸರದಲ್ಲಿ ಬೂಟು ಹಾಕಿಕೊಳ್ಳುತ್ತಾ ಕೇಳಿದಳು. "ನಿನಗೆ ಏನು ಬೇಕು ಅಂತ ಒಂದು ಮಾತು ಹೇಳ್ಬಿಡು. ಹೊಸ ಫೋನು ಬೇಕಾ? ತರ್ತೀನಿ."

"ಫೋನು ಬೇಡ. ಆ ಕಾರ್ಡು ನನ್ನ ಹೆಸರಿಗೆ ಮಾಡು."

"ಅವರ ಹತ್ರ ಇರೋದನ್ನ ಕಿತ್ಕೊಂಡಾ?"

"ನಿನಗೆ ಜನ್ಮ ಕೊಟ್ಟೋಳು ಯಾರು ಅಂತ ನಿನ್ನ ಫೋನಿಗೆ ಗೊತ್ತಾಗ್ಲಿ. ಅಷ್ಟು ಮಾಡು ಸಾಕು. ಮೇಜಿಗೆ ಬರ್ತೀನಿ, ನಗ್ತೀನಿ, ಸೀಗಡೀನೂ ತಿಂತೀನಿ."

ರುಯ್‌ಫಾಂಗ್ ಬಾಗಿಲು ಹಾಕಿಕೊಂಡು ಹೋದಳು. ಅರ್ಧ ಗಂಟೆಯಲ್ಲಿ ಗುಯ್‌ಲಿಯೆನ್‌ಳ ಫೋನು ಸದ್ದು ಮಾಡಿತು. ಮಗಳು ಮೆಟ್ರೋದಲ್ಲಿ ನಿಂತುಕೊಂಡೇ ಕಳಿಸಿದ್ದಳು. ಕೆಂಪು ಚೌಕ, ಅದರಲ್ಲಿ ಅಮ್ಮ ಎಂಬ ಅಕ್ಷರ, ಕೆಳಗೆ ಒಪ್ಪಿಕೊಳ್ಳಿ ಎಂಬ ಗುಂಡಿ. ಗುಯ್‌ಲಿಯೆನ್ ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು ಒತ್ತಿದಳು. ಮೈಯೆಲ್ಲ ಹಗುರಾಯಿತು. ಹಾಡಿನ ಒಂದು ಸೊಲ್ಲು ಕೂಡ ಬಾಯಿಗೆ ಬಂತು. ಹಾಗೆ ಕಳಿಸಬೇಕಾದರೆ ಇನ್ನೊಬ್ಬಳದನ್ನು ಮೊದಲು ರದ್ದು ಮಾಡಿರಬೇಕು, ಆ ಇನ್ನೊಬ್ಬಳಿಗೆ ಯಾರಾದರೂ ಹೇಳಿರಬೇಕು ಎಂಬುದೆಲ್ಲ ಅವಳ ತಲೆಗೆ ಬರಲಿಲ್ಲ. ರುಯ್‌ಫಾಂಗ್ ಸಂಜೆ ಬಂದು ನಿಧಾನವಾಗಿ ಹೇಳೋಣ ಎಂದುಕೊಂಡಿದ್ದಳು.

ಮಧ್ಯಾಹ್ನ ಬೀಗಿತ್ತಿಯರಿಬ್ಬರೂ ಒಟ್ಟಿಗೇ ಮಾರುಕಟ್ಟೆಗೆ ಹೊರಟರು. ಗುಯ್‌ಲಿಯೆನ್ ತಾನಾಗಿಯೇ "ಬರ್ತೀನಿ ನಡೀರಿ" ಎಂದದ್ದಕ್ಕೆ ಯುಝೆನ್‌ಗೆ ಖುಷಿಯೋ ಖುಷಿ.

"ಹಬ್ಬಕ್ಕೆ ಅಂಜಲ್ ಮೀನಿನ ಕಡುಬು ಮಾಡ್ತೀನಿ ನೋಡಿ. ಮಾಂಸದ ಕಡುಬು ತಿಂದ ಬಾಯಿ ನಿಮ್ಮದು, ಒಂದು ಸಲ ಇದನ್ನ ತಿಂದ್ರೆ ಬಿಡಲ್ಲ ನೀವು."

"ನೋಡೋಣ."

"ನೋಡೋಣ ಏನು, ಬಟ್ಟಲು ನೆಕ್ತೀರಿ."

ಮೀನಿನ ಅಂಗಡಿಯ ಮುಂದೆ ಜನ ಮುಗಿಬಿದ್ದಿದ್ದರು. ಅರ್ಧದಷ್ಟು ಜನ ಅವರ ವಠಾರದವರೇ. ಸಂಜೆ ವ್ಯಾಯಾಮಕ್ಕೆಂದು ಅಂಗಳದಲ್ಲಿ ಸೇರಿ ಕುಣಿಯುವ ಹೆಂಗಸರು, ಮೂರನೇ ಮಹಡಿಯ ಫಾನ್. ಯುಝೆನ್ ತೋಳುದ್ದದ ಅಂಜಲ್ ಆರಿಸಿ, ಕಿವಿರು ಎತ್ತಿ ನೋಡಿ, ಮುಳ್ಳು ತೆಗೆಸಿ, ಮಾಂಸ ಬಿಡಿಸಿ ಚೀಲಕ್ಕೆ ಹಾಕಿಸಿಕೊಂಡಳು. ಫಾನ್‌ಗೆ ಕೇಳಲಿ ಎಂದೇ ಗಟ್ಟಿಯಾಗಿ, "ನಮ್ಮ ಸೊಸೆ ಅಮ್ಮ ಏನು ಬೇಕಾದ್ರೂ ತಗೊಳ್ಳಿ ಅಂದಿದ್ದಾಳೆ" ಎಂದು ಹೇಳಿ ಫೋನನ್ನು ನೀಲಿ ಬಿಲ್ಲೆಗೆ ಮುಟ್ಟಿಸಿದಳು.

ಬಿಲ್ಲೆ ಸುಮ್ಮನಿತ್ತು. ಆಮೇಲೆ ಪಾವತಿ ಆಗಲಿಲ್ಲ ಎಂದು ಹೆಣ್ಣು ದನಿಯಲ್ಲಿ ಹೇಳಿತು.

"ಇನ್ನೊಂದ್ಸಲ ಮುಟ್ಟಿಸಿ ಅಜ್ಜಿ" ಎಂದಳು ಮೀನಿನವಳು.

ಯುಝೆನ್ ಫೋನಿನ ಬೆನ್ನನ್ನು ಕೋಟಿಗೆ ತಿಕ್ಕಿ ಮತ್ತೆ ಮುಟ್ಟಿಸಿದಳು. ಬಿಲ್ಲೆ ಅದನ್ನೇ ಹೇಳಿತು. "ಚಳಿಗೆ ಮರಗಟ್ಟಿದೆಯೇನೋ" ಎಂದು ಅಂಗೈಯಲ್ಲಿ ಹಿಡಿದು ಕಾಯಿಸಿದಳು. ಹಿಂದಿನವರು ಗೊಣಗತೊಡಗಿದರು.

"ಬೀಗ್ರೇ, ನಿಮ್ಮದು ಮುಟ್ಟಿಸಿ ನೋಡಿ. ಇವಳ ಯಂತ್ರಾನೇ ಕೆಟ್ಟಿರ್ಬೇಕು."

ಗುಯ್‌ಲಿಯೆನ್‌ಗೆ ಆಗ ಗೊತ್ತಾಯಿತು. ನೆಲ ಬಾಯಿಬಿಡಬಾರದೇ ಎನ್ನಿಸಿತು. "ನಂದು ಹಳೇದು, ಆಗಲ್ಲ ಬಿಡಿ" ಎಂದಳು.

"ಆಗತ್ತೆ, ರುಯ್‌ಫಾಂಗ್ ಇದನ್ನೇ ಮುಟ್ಟಿಸ್ತಿದ್ದಳಲ್ಲ" ಎಂದು ಯುಝೆನ್ ಅವಳ ಕೈ ಹಿಡಿದು, ಫೋನು ಸಮೇತ, ಬಿಲ್ಲೆಗೆ ತಾನೇ ಮುಟ್ಟಿಸಿದಳು.

ಟಿಂಗ್ ಎಂದಿತು. ಹಣ ಬಂತು ಎಂದು ಯಂತ್ರ ಇಡೀ ಅಂಗಡಿಗೆ ಸಾರಿತು. ಗುಯ್‌ಲಿಯೆನ್‌ಳ ಫೋನಿನ ಮೇಲೆ ಹಸಿರು ಗುರುತು ಬಂದು, ಅದರ ಕೆಳಗೆ ರುಯ್‌ಫಾಂಗ್ ಕೊಟ್ಟ ಅಮ್ಮನ ಕಾರ್ಡಿನಿಂದ ಎಂದು ದಪ್ಪ ಅಕ್ಷರದಲ್ಲಿ ಬಂತು. ಅಷ್ಟು ದಿನ ದಿನಕ್ಕೆ ಹತ್ತು ಸಲ ಅದೇ ಸಾಲನ್ನು ತನ್ನ ಫೋನಿನಲ್ಲಿ ನೋಡಿದ್ದ ಯುಝೆನ್‌ಗೆ ಅದನ್ನು ಓದಲು ಕನ್ನಡಕ ಬೇಕಾಗಲಿಲ್ಲ.

ಆದರೂ ಯುಝೆನ್ ತನ್ನ ಫೋನನ್ನು ಫಾನ್ ಕೈಗೆ ಕೊಟ್ಟಳು. "ಏನೋ ಬಂದಿದೆ, ಓದಿ ಹೇಳಮ್ಮ ಸ್ವಲ್ಪ."

ಫಾನ್ ಓದಿದಳು, ಗಟ್ಟಿಯಾಗಿಯೇ ಓದಿದಳು. "ಈ ಕಾರ್ಡನ್ನು ಕೊಟ್ಟವರು ಹಿಂದಕ್ಕೆ ಪಡೆದಿದ್ದಾರೆ ಅಂತಿದೆ." ಓದಿ ಮುಗಿಸಿದ ಮೇಲೆ ಅವಳಿಗೇ ನಾಲಗೆ ಕಚ್ಚಿಕೊಳ್ಳುವಂತಾಯಿತು. ಅಕ್ಕಪಕ್ಕದವರು ಮೀನು ನೋಡುವವರಂತೆ ಬಗ್ಗಿದರು.

"ಓ, ಹೌದಾ" ಎಂದಳು ಯುಝೆನ್. ಮೀನಿನ ಚೀಲ ತೆಗೆದುಕೊಂಡಳು. ದಾರಿಯಲ್ಲಿ ಚೀಲ ಹಿಡಿಯಲು ಗುಯ್‌ಲಿಯೆನ್ ಕೈ ಚಾಚಿದರೆ ಕೊಡಲಿಲ್ಲ.

ಯುಝೆನ್ ಹಬ್ಬದ ದಿನ ಕಡುಬು ಮಾಡಿದಳು, ಎಲ್ಲರಿಗೂ ಬಡಿಸಿದಳು. ರುಯ್‌ಫಾಂಗ್ ತಡವರಿಸಿ, "ಅಮ್ಮ, ಆವತ್ತು ಏನೋ ಸೆಟ್ಟಿಂಗು ಹೆಚ್ಚುಕಮ್ಮಿ ಆಗಿ..." ಎಂದು ಶುರು ಮಾಡಿದಾಗ, "ಇರ್ಲಿ ಬಿಡು, ಬಿಸಿ ಇರೋವಾಗ ತಿನ್ನು" ಎಂದು ಮಾತು ಮುಗಿಸಿದಳು. ಗುಯ್‌ಲಿಯೆನ್ ಮೇಜಿಗೆ ಬಂದು ಕೂತಿದ್ದಳು. ಕಡುಬು ನಿಜವಾಗಿಯೂ ಚೆನ್ನಾಗಿತ್ತು. ಒಂದೇ ತಿಂದು ಉಳಿದದ್ದನ್ನು ಜೂಜೂಳ ತಟ್ಟೆಗೆ ಹಾಕಿದಳು.

ಮರುದಿನ ಅವಳು ಮಗಳನ್ನು ಬಾಲ್ಕನಿಗೆ ಕರೆದಳು. "ಅದನ್ನ ಅವರಿಗೇ ವಾಪಸ್ ಕೊಡು."

ರುಯ್‌ಫಾಂಗ್ ದಂಗಾಗಿ ನೋಡಿದಳು. "ಏನಮ್ಮ, ನನ್ನನ್ನ ಏನು ಅಂದ್ಕೊಂಡಿದೀರಿ ಇಬ್ರೂ? ಅವರಿಂದ ಕಿತ್ತು ನಿನಗೆ ಕೊಡು, ನಿನ್ನಿಂದ ಕಿತ್ತು ಅವರಿಗೆ ಕೊಡು. ಅವರ ಮುಖ ನೋಡೋಕೆ ಆಗ್ತಿಲ್ಲ ನನಗೆ. ಯಾರಿಗೋಸ್ಕರ ಮಾಡ್ದೆ ನಾನು ಅದನ್ನ?"

"ನನಗೋಸ್ಕರ. ಗೊತ್ತು. ಈಗ ನಾನೇ ಹೇಳ್ತಿದೀನಿ, ಕೊಡು."

ರುಯ್‌ಫಾಂಗ್ ಅಳುತ್ತಲೇ ಫೋನು ಒತ್ತಿದಳು. ಗುಯ್‌ಲಿಯೆನ್‌ಳ ಕಾರ್ಡು ಹೋಯಿತು, ಯುಝೆನ್‌ಳ ಫೋನಿಗೆ ಕೆಂಪು ಚೌಕ ಹೋಯಿತು. ಅದನ್ನು ಒಂದು ದಿನದೊಳಗೆ ಒಪ್ಪಿಕೊಳ್ಳದಿದ್ದರೆ ತಾನಾಗಿ ವಾಪಸಾಗುತ್ತದೆ.

ಯುಝೆನ್ ಒತ್ತಲಿಲ್ಲ. ಸಂಜೆಯವರೆಗೂ ಒತ್ತಲಿಲ್ಲ, ಬೆಳಗಾದರೂ ಒತ್ತಲಿಲ್ಲ. ಯಾವ ಕಾರ್ಡಿಗಾಗಿ ಗುಯ್‌ಲಿಯೆನ್ ವಾರಗಟ್ಟಲೆ ಬೆಂದಿದ್ದಳೋ ಅದನ್ನು ಇನ್ನೊಬ್ಬಳು ಒಪ್ಪಿಕೊಳ್ಳಲಿ ಎಂದು ಈಗ ಅವಳೇ ಚಡಪಡಿಸುವಂತಾಯಿತು. ಕಡೆಗೆ ತಡೆಯಲಾರದೆ ಆಕೆಯ ಪುಟ್ಟ ಕೋಣೆಗೆ ಹೋದಳು. ಯುಝೆನ್ ಮಂಚದ ಮೇಲೆ ಸೂಟ್‌ಕೇಸ್ ತೆರೆದಿಟ್ಟುಕೊಂಡು ಉಣ್ಣೆ ಬಟ್ಟೆ ಮಡಚುತ್ತಿದ್ದಳು.

"ಬೀಗ್ರೇ, ಒಂದು ಗುಂಡಿ ಒತ್ತೋದು ಅಲ್ವಾ? ಹೊತ್ತು ಮೀರ್ತಾ ಇದೆ."

"ಮೀರ್ಲಿ."

"ತಪ್ಪು ಅವಳದಲ್ಲ. ನಾನೇ ಮಾಡ್ಸಿದ್ದು. ನಾನೇ ಹಟ ಹಿಡಿದು, ಊಟ ಬಿಟ್ಟು, ಅವಳ ಕೈಲಿ ಮಾಡಿಸ್ದೆ. ನನಗೆ ನಿಮ್ಮ ಮೇಲೆ ಹೊಟ್ಟೆ ಉರೀತಿತ್ತು."

"ಗೊತ್ತು" ಎಂದಳು ಯುಝೆನ್, ಬಟ್ಟೆಯಿಂದ ಕಣ್ಣೆತ್ತದೆ. "ಒಂದೇ ಸೂರಿನ ಕೆಳಗಿದ್ದು ಅಷ್ಟೂ ಗೊತ್ತಾಗಲ್ವಾ? ಉರೀಲಿ ಅಂತಾನೇ ಎಷ್ಟೋ ಸಲ ನಿಮ್ಮ ಮುಂದೆ ಫೋನು ಹೊರಳಿಸ್ತಿದ್ದೆ."

"ಮತ್ತೆ? ಬೈದುಬಿಡಿ ನನ್ನ. ಅದನ್ನ ಒತ್ತಿ."

"ನಿಮ್ಮನ್ನ ಬೈಯೋದು ಏನಿದೆ?" ಯುಝೆನ್ ಮಡಚುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದಳು. "ಒಂದು ಮಾತು ಹೇಳಿ. ನೀವು ಬೇಕು ಅಂದ್ರಿ. ನಿಮ್ಮ ಮಗಳು ಸರಿ ತಪ್ಪು ನೋಡದೆ ನನ್ನ ಕೈಯಿಂದ ಕಿತ್ತು ನಿಮಗೆ ಕೊಟ್ಟಳು. ಆವತ್ತು ಸಂಜೆ ನನ್ನ ಮಗನ ಹತ್ರ ಹೋಗಿ, ಹೀಗೆ ಹೀಗಾಯ್ತು ಕಣೋ, ಊರವರ ಮುಂದೆ ಮಾನ ಹೋಯ್ತು ಅಂದೆ. ಏನಂದ ಗೊತ್ತಾ? ರುಯ್‌ಫಾಂಗ್‌ನ ಕೇಳಮ್ಮ ಅಂದ. ಹುಟ್ಟಿದಾಗಿಂದ ಇಲ್ಲೀತನಕ ನನ್ನ ಮಗ ನನಗೋಸ್ಕರ ಯಾರ ಕೈಯಿಂದಲೂ ಏನೂ ಕಿತ್ತು ಕೊಟ್ಟಿಲ್ಲ. ಹೊಟ್ಟೆ ಉರಿಯೋದು ಯಾರಿಗಿರ್ಬೇಕು ಬೀಗ್ರೇ, ನಿಮಗಾ ನನಗಾ?"

ಆಗಲೂ ಗುಯ್‌ಲಿಯೆನ್‌ಳ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷವೇ. ಹೌದಲ್ಲ, ನನ್ನ ಮಗಳು ನನಗೋಸ್ಕರ ಮಾಡಿದಳಲ್ಲ ಎಂಬ ಹಾಳು ಸಂತೋಷ. ಅದು ಮುಖದ ಮೇಲೆ ಎಲ್ಲಿ ಕಾಣಿಸೀತೋ ಎಂದು ತಲೆ ತಗ್ಗಿಸಿದಳು.

"ಹೊಸ ವರ್ಷದ ಹಬ್ಬಕ್ಕೆ ಮುಂಚೆ ಯಾಂತಾಯ್‌ಗೆ ಹೊರಡ್ತೀನಿ" ಎಂದಳು ಯುಝೆನ್. "ಮನೆ ಬೀಗ ಹಾಕಿ ತಿಂಗಳುಗಟ್ಟಲೆ ಆಯ್ತು. ಅಲ್ಲಿ ಮೀನಿನವಳಿಗೆ ನೋಟೇ ಕೊಡ್ತೀನಿ. ಚಿಲ್ಲರೆ ಇಲ್ಲ ಅಂತ ರೇಗ್ತಾಳೆ, ರೇಗ್ಲಿ. ಜೂಜೂನ ಚೆನ್ನಾಗಿ ನೋಡ್ಕೊಳ್ಳಿ. ನೋಡ್ಕೊಳ್ತೀರಿ, ಹೇಳ್ಬೇಕಾಗಿಲ್ಲ."

"ಹೋಗ್ಬೇಡಿ" ಎನ್ನಬೇಕಾಗಿತ್ತು. ಬಾಯಿ ತೆರೆದಳು ಕೂಡ. ಇಬ್ಬರಲ್ಲಿ ಒಬ್ಬರು ಎಂದು ಮಗಳು ಹೇಳಿದ ಮಾತು ಅಡ್ಡ ಬಂತು, ಜೂಜೂಳ ತಲೆಯ ಭಾರ ತೋಳಿನ ಮೇಲೆ ಬಂತು. ಗುಯ್‌ಲಿಯೆನ್ ಮಂಚದ ಮೇಲಿದ್ದ ಒಂದು ಸ್ವೆಟರ್ ಎತ್ತಿಕೊಂಡು ಮಡಚಿ ಕೊಟ್ಟಳು. ಯುಝೆನ್ ಅದನ್ನು ಬಿಚ್ಚಿ ತನ್ನ ರೀತಿಯಲ್ಲಿ ಮತ್ತೆ ಮಡಚಿಕೊಂಡಳು.

ಆ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ರುಯ್‌ಫಾಂಗ್‌ಳ ಫೋನು ಸದ್ದು ಮಾಡಿತು. ಓದಿ, ಮಗುಚಿ ಇಟ್ಟಳು. ಕಾರ್ಡು ವಾಪಸಾಗಿತ್ತು. ಹಾವ್‌ರಾನ್ ಬಟ್ಟಲಿನಿಂದ ಮುಖ ಎತ್ತಲಿಲ್ಲ. ಜೂಜೂ ಒಬ್ಬಳೇ ಶಾಲೆಯ ಏನೋ ಕಥೆ ಹೇಳುತ್ತಿದ್ದಳು.

"ಅಮ್ಮ, ಸ್ವಲ್ಪ ವಿನೆಗರ್ ಕೊಡಿ" ಎಂದಳು ರುಯ್‌ಫಾಂಗ್, ಅತ್ತೆಯ ಕಡೆ ನೋಡಿ, ತೀರ ಮೆತ್ತಗೆ.

ಬಾಟಲಿ ಯುಝೆನ್‌ಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅವಳು ಕೇಳಿಸಿಕೊಳ್ಳದವಳಂತೆ ಮಗುವಿನ ತಟ್ಟೆಯಲ್ಲಿ ಮೀನಿನ ಮುಳ್ಳು ಹುಡುಕುತ್ತಿದ್ದಳು. ರುಯ್‌ಫಾಂಗ್ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ಕಾದಳು. ಗುಯ್‌ಲಿಯೆನ್ ಕೂಡ ಕಾದಳು. ಆಮೇಲೆ ಮೇಜಿನ ಆ ತುದಿಯಿಂದ ಎದ್ದು, ಹಾವ್‌ರಾನ್‌ನ ಕುರ್ಚಿ ಬಳಸಿ ಬಂದು, ಬಾಟಲಿ ಎತ್ತಿ ಮಗಳ ಕೈಗೆ ಕೊಟ್ಟಳು.